ಪುಟ್ಟಣ್ಣನ ಸಿನಿಮಾ ನೋಡಬೇಕು, ಮೊದಲು ಯಾವುದು?

ಹೋದ ಯುಗಾದಿಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಹೋಳಿಗೆ ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅಡ್ಡಾಗಿದ್ದೆವು. ಆಗ ಕೇಳಿದಳು, "ಚಿಕ್ಕಮ್ಮ, ಪುಟ್ಟಣ್ಣ ಕಣಗಾಲ್ ಸಿನಿಮಾ ಒಂದೂ ನಾನು ಪೂರ್ತಿ ನೋಡಿಲ್ಲ. ಯಾವುದರಿಂದ ಶುರು ಮಾಡ್ಲಿ?"

ಅಷ್ಟೇ, ಎಲ್ಲರ ನಿದ್ದೆಯೂ ಹಾರಿಹೋಯಿತು. "ಶರಪಂಜರ, ಅದರಲ್ಲಿ ಕೇಳೋದೇನಿದೆ?" ಎಂದರು ಅಮ್ಮ. ಸೋದರಮಾವ ಎದ್ದು ಕೂತರು. ಅವರದು ಚಿತ್ರದುರ್ಗ. "ನಾಗರಹಾವು ಬಿಟ್ಟು ಬೇರೆ ಹೆಸರು ಹೇಳಿದರೆ ನಾನು ಈ ಮನೆಯಲ್ಲಿ ಕಾಫಿ ಕುಡಿಯಲ್ಲ" ಎಂದರು. ಅತ್ತಿಗೆ ಮೆಲ್ಲಗೆ "ರಂಗನಾಯಕಿ" ಅಂದರು. ನನ್ನ ಯಜಮಾನರು ಉತ್ತರ ಕೊಡಲೇ ಇಲ್ಲ. "ನೀನೇ ಸಾಕಿದ ಗಿಣಿ" ಎಂದು ಹಾಡಿಕೊಂಡರು. ಅಂದರೆ ಮಾನಸ ಸರೋವರ ಎಂದು ಅರ್ಥ. ಸಂಜೆ ಕಾಫಿಯ ಹೊತ್ತಿಗೂ ಮಾತು ಮುಗಿದಿರಲಿಲ್ಲ. ಪುಟ್ಟಣ್ಣನ ಅಭಿಮಾನಿಗಳು ಎಲ್ಲಿ ಸೇರಿದರೂ ಇದೇ ಕಥೆ. ಒಬ್ಬೊಬ್ಬರಿಗೆ ಒಂದೊಂದು ಸಿನಿಮಾ, ಅದರ ಮೇಲೆ ಇನ್ನೊಬ್ಬರು ಮಾತಾಡುವ ಹಾಗಿಲ್ಲ.

ನನ್ನ ಉತ್ತರ ಬೇರೆ ಇತ್ತು. ಮೊದಲು ಬೆಳ್ಳಿ ಮೋಡ ನೋಡು ಎಂದೆ. ಯಾಕೆ ಎಂದು ಅವತ್ತು ಗಲಾಟೆಯಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅವಳಿಗಾಗಿ, ಮತ್ತು ಅವಳ ಹಾಗೆ ಈಗ ಶುರು ಮಾಡುವವರಿಗಾಗಿ, ಒಂದೊಂದನ್ನೂ ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ಕಥೆಗಳನ್ನು ಅಲ್ಲಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಇವು ಕಥೆಯ ತಿರುವಿಗಾಗಿ ನೋಡುವ ಸಿನಿಮಾಗಳಲ್ಲ, ಹಾಗಾಗಿ ನಷ್ಟವೇನಿಲ್ಲ.

ಪುಟ್ಟಣ್ಣನ ಊರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು. ಕೆಲಸ ಕಲಿತದ್ದು ಬಿ.ಆರ್. ಪಂತುಲು ಅವರ ಹತ್ತಿರ. ಮಲಯಾಳದಲ್ಲಿ ಮೊದಲು ನಿರ್ದೇಶನ ಮಾಡಿದರು. ಕನ್ನಡಕ್ಕೆ ಬಂದದ್ದು 1967ರಲ್ಲಿ, ಬೆಳ್ಳಿ ಮೋಡದ ಮೂಲಕ. ತೀರಿಕೊಂಡದ್ದು 1985ರ ಜೂನ್‌ನಲ್ಲಿ, ಬರೀ 51 ವರ್ಷಕ್ಕೆ. ನಡುವೆ ಸಿಕ್ಕಿದ್ದು ಹದಿನೆಂಟು ವರ್ಷ. ಅಷ್ಟರಲ್ಲಿ ಕನ್ನಡದಲ್ಲೇ ಇಪ್ಪತ್ತಕ್ಕೂ ಜಾಸ್ತಿ ಸಿನಿಮಾ ಮಾಡಿದರು. ಹೆಚ್ಚಿನವಕ್ಕೆ ಕಾದಂಬರಿಯೇ ಮೂಲ. ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ಭಾರತೀಸುತ, ವಾಣಿ, ಅನುಪಮಾ ನಿರಂಜನ. ನಮ್ಮ ಅಜ್ಜಿಯರು ಲೈಬ್ರರಿಯಿಂದ ತಂದು ಓದುತ್ತಿದ್ದ ಪುಸ್ತಕಗಳೇ ಇವರ ತೆರೆಗೆ ಬಂದವು.

ಬೆಳ್ಳಿ ಮೋಡವೋ, ಗೆಜ್ಜೆ ಪೂಜೆಯೋ

ಎರಡೂ ಕಪ್ಪು ಬಿಳುಪು. ಎರಡರಲ್ಲೂ ಕಲ್ಪನಾ ನಾಯಕಿ. ಎರಡರ ಮೂಲವೂ ಹೆಂಗಸರು ಬರೆದ ಕಾದಂಬರಿ. ಬೆಳ್ಳಿ ಮೋಡ ತ್ರಿವೇಣಿಯವರದು, 1969ರ ಗೆಜ್ಜೆ ಪೂಜೆ ಎಂ.ಕೆ. ಇಂದಿರಾ ಅವರದು.

ಬೆಳ್ಳಿ ಮೋಡದ ನಾಯಕಿಯ ಹೆಸರೂ ಇಂದಿರಾ, ಮಲೆನಾಡಿನ ಎಸ್ಟೇಟಿನ ಒಬ್ಬಳೇ ಮಗಳು. ಮೋಹನನ ಜೊತೆ ಮದುವೆ ನಿಶ್ಚಯವಾಗುತ್ತದೆ. ಮಾವನಾಗುವವರ ದುಡ್ಡಿನಲ್ಲೇ ಅವನು ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಳ ತಾಯಿಗೆ ಎಷ್ಟೋ ವರ್ಷದ ಮೇಲೆ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ. ಮೋಹನ ಹಿಂದೆ ಸರಿಯುತ್ತಾನೆ. ಮುಂದೆ ಕಾಲ ತಿರುಗಿ ಅವನೇ ಪೆಟ್ಟು ಮಾಡಿಕೊಂಡು ಅವಳ ಮನೆಯಲ್ಲೇ ಮಲಗುವ ಹಾಗಾಗುತ್ತದೆ. ಅವಳು ಆರೈಕೆ ಮಾಡುತ್ತಾಳೆ. ಅವನಿಗೆ ತಪ್ಪಿನ ಅರಿವಾಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಆ "ಒಲ್ಲೆ"ಗಾಗಿಯೇ ನಾನು ಈ ಸಿನಿಮಾವನ್ನು ಮೊದಲು ಇಡುವುದು. ಅವಳಿಗೆ ಅವನ ಮೇಲೆ ಸಿಟ್ಟಿಲ್ಲ. ಶಪಿಸುವುದಿಲ್ಲ, ಸೇಡು ತೀರಿಸಿಕೊಳ್ಳುವುದಿಲ್ಲ. ಮಾಡಬೇಕಾದ ಸೇವೆಯನ್ನೆಲ್ಲ ಮಾಡಿದ್ದಾಳೆ. ಆದರೂ ಬೇಡ. 1967ರ ಸಿನಿಮಾದಲ್ಲಿ ಪಶ್ಚಾತ್ತಾಪ ಪಟ್ಟ ಗಂಡಸಿಗೆ ನಾಯಕಿ ಬಾಗಿಲು ತೆಗೆಯದೆ ಇರುವುದು ಸಣ್ಣ ಮಾತಲ್ಲ.

ಈ ಒಂದು ಮಾತನ್ನು ಹಿಡಿದುಕೊಂಡರೆ ಪುಟ್ಟಣ್ಣನ ಉಳಿದ ಸಿನಿಮಾಗಳೂ ಸಲೀಸಾಗಿ ತೆರೆದುಕೊಳ್ಳುತ್ತವೆ ಎಂಬುದು ನನ್ನ ಅನಿಸಿಕೆ. ಒಬ್ಬ ಹೆಣ್ಣು ತನಗೆ ಬೇಕು, ತನಗೆ ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಸುತ್ತಲಿನವರು ಏನು ಮಾಡುತ್ತಾರೆ? ಇಂದಿರಾಳ ಮಾತು ಉಳಿಯಿತು. ಮುಂದೆ ಬಂದ ಹೆಣ್ಣುಗಳಿಗೆ ಆ ಅದೃಷ್ಟ ಇರಲಿಲ್ಲ.

ಗೆಜ್ಜೆ ಪೂಜೆಯ ಚಂದ್ರಾಳನ್ನೇ ನೋಡಿ. ಹುಟ್ಟಿದ್ದು ಗೆಜ್ಜೆ ಕಟ್ಟುವ, ಅಂದರೆ ದೇವದಾಸಿ ಪದ್ಧತಿಯ ಮನೆಯಲ್ಲಿ. ಓದಬೇಕು, ಎಲ್ಲರ ಹಾಗೆ ಮದುವೆಯಾಗಿ ಸಂಸಾರ ಮಾಡಬೇಕು ಎಂಬ ಆಸೆ. ಪಕ್ಕದ ಮನೆಯ ಸೋಮನಿಗೂ ಅವಳೆಂದರೆ ಇಷ್ಟ. ಲೀಲಾವತಿ ಮಾಡಿರುವ ತಾಯಿಗೂ ಮಗಳು ಈ ಕೂಪದಿಂದ ಆಚೆ ಹೋಗಲಿ ಎಂದೇ ಇದೆ. ಆದರೂ ಜನರ ಕಣ್ಣು ಬಿಡುವುದಿಲ್ಲ. ನಂಬಬೇಕಾದವನೂ ನಂಬುವುದಿಲ್ಲ. "ಗಗನವು ಎಲ್ಲೋ ಭೂಮಿಯು ಎಲ್ಲೋ" ಎಂದು ಅವಳು ಹಾರಾಡಿದ ಮೇಲೆ ಆ ಕೊನೆ ನೋಡುವುದು ತುಂಬಾ ಕಷ್ಟ. ಆ ವರ್ಷದ ಕನ್ನಡದ ಅತ್ಯುತ್ತಮ ಚಿತ್ರಕ್ಕೆ, ಪುಟ್ಟಣ್ಣನ ಚಿತ್ರಕಥೆಗೆ, ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂತು.

ಸಿನಿಮಾ ಕಟ್ಟಿರುವ ರೀತಿ ನೋಡಿದರೆ ಗೆಜ್ಜೆ ಪೂಜೆ ಒಂದು ಕೈ ಮೇಲು. ಒಂದು ದೃಶ್ಯವೂ ಸುಮ್ನೆ ಬಂದು ಹೋಗುವುದಿಲ್ಲ. ಬೆಳ್ಳಿ ಮೋಡದಲ್ಲಿ ಹಾಸ್ಯದ ತುಣುಕುಗಳು ಇಂದಿನವರಿಗೆ ಉದ್ದ ಅನಿಸಬಹುದು. ಆದರೆ ಹೊಸಬರನ್ನು ಮೊದಲ ದಿನವೇ ಅಷ್ಟೊಂದು ಅಳಿಸಿ ಕಳಿಸುವುದು ನನಗೆ ಇಷ್ಟವಿಲ್ಲ. ಬೆಳ್ಳಿ ಮೋಡದಲ್ಲಿ ಉಸಿರಾಡಲು ಜಾಗ ಇದೆ. ಮಂಜು, ಬೆಟ್ಟ, ಬೇಂದ್ರೆಯವರ "ಮೂಡಲ ಮನೆಯ ಮುತ್ತಿನ ನೀರಿನ ಎರಕಾವ ಹೊಯ್ದಾ". ಆ ಹಾಡಿನಲ್ಲಿ ಬೆಳಗು ಹರಿಯುವುದನ್ನು ಕಪ್ಪು ಬಿಳುಪಿನಲ್ಲೇ ತೋರಿಸಿದ್ದಾರೆ. ಬಣ್ಣ ಇಲ್ಲ ಎಂಬುದು ನೆನಪಿಗೇ ಬರುವುದಿಲ್ಲ.

ಶರಪಂಜರವೋ, ಮಾನಸ ಸರೋವರವೋ

ಎರಡೂ ಮನಸ್ಸಿನ ಕಾಯಿಲೆಯ ಕಥೆಗಳು. ನಡುವೆ ಹತ್ತು ವರ್ಷಕ್ಕೂ ಜಾಸ್ತಿ ಅಂತರ: ಶರಪಂಜರ 1971, ಮಾನಸ ಸರೋವರ 1982. ಎರಡನ್ನೂ ಒಂದೇ ವಾರದಲ್ಲಿ ನೋಡಬೇಡಿ. ನಾನು ಹಾಗೆ ಮಾಡಿ ಎರಡು ರಾತ್ರಿ ನಿದ್ದೆ ಕೆಟ್ಟಿದ್ದೇನೆ.

ಶರಪಂಜರವೂ ತ್ರಿವೇಣಿಯವರದೇ. ಅವರು ಮನಃಶಾಸ್ತ್ರ ಓದಿದವರು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ ತೀರಿಕೊಂಡರು. ಬೆಳ್ಳಿ ಮೋಡವನ್ನಾಗಲಿ, ಇದನ್ನಾಗಲಿ ತೆರೆಯ ಮೇಲೆ ನೋಡಲು ಅವರಿಗೆ ಆಗಲಿಲ್ಲ. ಪ್ರತಿ ಸಲ ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬಂದಾಗ ನನಗೆ ಅದೇ ನೆನಪಾಗುತ್ತದೆ.

ಕಾವೇರಿ ಮತ್ತು ಸತೀಶ ಪ್ರೀತಿಸಿ ಮದುವೆಯಾದವರು. ಬೇಂದ್ರೆಯವರ "ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ" ಹಾಡಿನಲ್ಲಿ ಇಬ್ಬರ ಸಂತೋಷ ನೋಡಿದರೆ ದೃಷ್ಟಿ ತೆಗೆಯಬೇಕು ಅನಿಸುತ್ತದೆ. ಎರಡನೇ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಇದ್ದು ಗುಣವಾಗಿ ಮನೆಗೆ ಬರುತ್ತಾಳೆ. ನಿಜವಾದ ಸಿನಿಮಾ ಶುರುವಾಗುವುದು ಅಲ್ಲಿಂದ. ಅವಳು ಗುಣವಾಗಿದ್ದಾಳೆ, ಸುತ್ತಲಿನವರಿಗೆ ಗುಣವಾಗಿಲ್ಲ. ಸ್ವಲ್ಪ ಜೋರಾಗಿ ನಕ್ಕರೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸುಮ್ಮನಿದ್ದರೂ ಅನುಮಾನ. ಸಿಟ್ಟು ಮಾಡಿಕೊಳ್ಳುವ ಹಕ್ಕಂತೂ ಇಲ್ಲವೇ ಇಲ್ಲ. ವನವಾಸದಿಂದ ಮರಳಿ ಬಂದ ಸೀತೆಯ ಹಾಡನ್ನು ಅವಳು ಹಾಡುವಾಗ ಅದು ಯಾರ ಕಥೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮ ಈ ಸಿನಿಮಾ ನೋಡಿದ್ದು ಮದುವೆಗೆ ಮುಂಚೆ, ಊರಿನ ಟೆಂಟಿನಲ್ಲಿ. ಅಜ್ಜಿಯೂ ಜೊತೆಗಿದ್ದರಂತೆ. ಅವರ ಬೀದಿಯಲ್ಲಿ ಒಬ್ಬರು ಬಾಣಂತನದಲ್ಲಿ ಹೀಗೇ ಆಗಿ, ವಾಸಿಯಾಗಿ ಬಂದಿದ್ದರು. ಯಾರೂ ಅವರನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಅಜ್ಜಿಯೂ ಕರೆದಿರಲಿಲ್ಲ. ಸಿನಿಮಾ ನೋಡಿ ಬಂದ ಮೇಲಿನ ಶುಕ್ರವಾರ ಅಜ್ಜಿ ತಾವೇ ಹೋಗಿ ಕರೆದರಂತೆ. ಅವರು ಬಂದು, ಮಣೆಯ ಮೇಲೆ ತುದಿಗೆ ಕೂತು, ತಟ್ಟೆಯಲ್ಲಿದ್ದ ಕೋಸಂಬರಿ ಮುಟ್ಟದೆ ಸುಮ್ಮನೆ ನೋಡುತ್ತಿದ್ದರಂತೆ. ಅಜ್ಜಿ ಒಂದು ಚಮಚ ತಾನು ತಿಂದು, "ಉಪ್ಪು ಸರಿಯಾಗಿದೆಯಾ ನೋಡಮ್ಮ" ಎಂದರಂತೆ. ಆಮೇಲೆ ತಿಂದರಂತೆ. ಅಮ್ಮ ಶರಪಂಜರ ಎಂದ ಕೂಡಲೇ ಬೇರೆ ಮಾತೇ ಇಲ್ಲ ಎನ್ನುವುದು ಇದಕ್ಕೆ. ನನಗೆ ಅದನ್ನು ಎದುರು ಮಾತಾಡಿ ಗೆಲ್ಲಲು ಆಗುವುದಿಲ್ಲ.

ಹಾಗಾದರೆ ಇದನ್ನೇ ಮೊದಲು ನೋಡಬಾರದೇಕೆ? ಕಲ್ಪನಾ ಇಲ್ಲಿ ತುಂಬಾ ಎತ್ತರದ ದನಿಯಲ್ಲಿ ಅಭಿನಯಿಸಿದ್ದಾರೆ. ಬೇಡುವುದು, ಕೂಗುವುದು, ನಗುವುದು ಎಲ್ಲವೂ ತುದಿಗೆ ಹೋಗಿ ನಿಲ್ಲುತ್ತವೆ. ಮೊಬೈಲ್‌ನಲ್ಲಿ ಕೊನೆಯ ದೃಶ್ಯ ಮಾತ್ರ ನೋಡಿದ ಹುಡುಗರು "ಓವರ್ ಆಕ್ಟಿಂಗ್" ಎಂದುಬಿಡುತ್ತಾರೆ. ಎರಡೂವರೆ ಗಂಟೆ ಅವಳ ಜೊತೆ ಆ ಮನೆಯಲ್ಲಿ ಇದ್ದು ನೋಡಿದವರು ಹಾಗೆ ಅನ್ನುವುದಿಲ್ಲ. ಬೆಳ್ಳಿ ಮೋಡ ನೋಡಿದ್ದರೆ ಇನ್ನೂ ಒಳ್ಳೆಯದು. ಅದೇ ಕಲ್ಪನಾ ಎಷ್ಟು ತಣ್ಣಗೆ ಮಾತಾಡಬಲ್ಲರು ಎಂದು ಗೊತ್ತಿರುತ್ತದೆ. ಅದು ಗೊತ್ತಿದ್ದರೆ ಇಲ್ಲಿನ ಕೂಗು ಯಾಕೆ ಎಂಬುದೂ ತಿಳಿಯುತ್ತದೆ.

ಮಾನಸ ಸರೋವರ ಉಲ್ಟಾ ದಾರಿ ಹಿಡಿಯುತ್ತದೆ. ಇಲ್ಲಿ ಮನೋವೈದ್ಯನೇ ನಾಯಕ. ಶ್ರೀನಾಥ್ ಆ ಪಾತ್ರ ಮಾಡಿದ್ದಾರೆ. ಬುದ್ಧಿ ಸ್ಥಿಮಿತ ಕಳೆದುಕೊಂಡ ಹುಡುಗಿಯನ್ನು ಮಗುವಿನಂತೆ ನೋಡಿಕೊಂಡು ಗುಣ ಮಾಡುತ್ತಾನೆ. ಮಾಡುತ್ತಾ ಮಾಡುತ್ತಾ ಅವಳನ್ನು ಹಚ್ಚಿಕೊಳ್ಳುತ್ತಾನೆ. ಅವಳಿಗೆ ಪೂರ್ತಿ ಗುಣವಾದಾಗ ಮನಸ್ಸು ಹೋಗುವುದು ಬೇರೆ ಹುಡುಗನ ಕಡೆಗೆ. ಕೊನೆಗೆ ಹುಚ್ಚನಾಗುವುದು ವೈದ್ಯ. ಇಲ್ಲಿ ನನಗೆ ಯಜಮಾನರ ಜೊತೆ ಸದಾ ಜಗಳ. ಅವರು ಪೂರ್ತಿ ವೈದ್ಯನ ಪಕ್ಷ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಎಂಬ ಆ ಹಾಡು ಬಂದರೆ ಕಣ್ಣಲ್ಲಿ ನೀರು. ನಾನು ಕೇಳುವುದು ಇಷ್ಟೇ: ಆ ಹುಡುಗಿ ಯಾವತ್ತು ಗಿಣಿಯಾಗಲು ಒಪ್ಪಿದ್ದಳು? ಗುಣ ಮಾಡಿದವರಿಗೆ ಜೀವನವನ್ನೇ ಬರೆದುಕೊಡಬೇಕಾ? ಪುಟ್ಟಣ್ಣ ಸಿನಿಮಾದಲ್ಲಿ ಅವಳನ್ನು ಕೆಟ್ಟವಳಾಗಿ ತೋರಿಸಿಲ್ಲ. ಹಾಡು ಅವಳನ್ನು ದೂರಿದರೂ ಕಥೆ ದೂರುವುದಿಲ್ಲ. ಅದಕ್ಕೇ ಇದು ದೊಡ್ಡ ಸಿನಿಮಾ ಎನ್ನುತ್ತೇನೆ.

ಹಾಡಿನ ಆಸೆ ಇರುವವರು ಮಾನಸ ಸರೋವರವನ್ನು ಆರಿಸಿ. ಜಿ.ಎಸ್. ಶಿವರುದ್ರಪ್ಪನವರ "ವೇದಾಂತಿ ಹೇಳಿದನು", "ಹಾಡು ಹಳೆಯದಾದರೇನು" ಎರಡೂ ಇದರಲ್ಲಿವೆ. ವಿಜಯಭಾಸ್ಕರ್ ಸಂಗೀತ. ಆದರೆ ಹೊಸದಾಗಿ ಪ್ರೀತಿ ಮುರಿದುಕೊಂಡವರು ಸದ್ಯಕ್ಕೆ ಬಿಡಿ.

ನಾಗರಹಾವು

ಮಾವನ ಸಿನಿಮಾ. 1972. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು: ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ವಿಷ್ಣುವರ್ಧನ್ ನಾಯಕರಾಗಿ ಬಂದದ್ದು, ಅಂಬರೀಷ್ ಮೊದಲು ತೆರೆಗೆ ಬಂದದ್ದು ಇದರಲ್ಲೇ. ಅಂಬರೀಷ್ ಇರುವುದು ಸ್ವಲ್ಪ ಹೊತ್ತು. ಆದರೂ "ಏ ಬುಲ್ ಬುಲ್ ಮಾತಾಡಕ್ಕಿಲ್ವಾ" ಇಂದಿಗೂ ಜನರ ಬಾಯಲ್ಲಿದೆ.

ಮನೆಮಂದಿಯೆಲ್ಲ ಕೂತು ನೋಡಲು ಪುಟ್ಟಣ್ಣನ ಸಿನಿಮಾಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಇದನ್ನು ಧಾರಾಳವಾಗಿ ಒಪ್ಪುತ್ತೇನೆ. ಕೋಟೆ ಇದೆ, ಹೊಡೆದಾಟ ಇದೆ, ಒನಕೆ ಓಬವ್ವನ ಹಾಡು ಇದೆ, ನಿಧಾನಗತಿಯಲ್ಲಿ ತೇಲಿ ಬರುವ "ಬಾರೆ ಬಾರೆ" ಇದೆ. ಮೂರು ಗಂಟೆ ಹೋದದ್ದು ಗೊತ್ತಾಗುವುದಿಲ್ಲ. 2018ರಲ್ಲಿ ಹೊಸ ಧ್ವನಿಯೊಂದಿಗೆ ಮತ್ತೆ ಥಿಯೇಟರಿಗೆ ಬಂದಾಗ ನಾವು ಎಂಟು ಜನ ಹೋಗಿದ್ದೆವು. ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ತೆರೆಗೆ ಬಂದಾಗ ಜನ ಎದ್ದು ಚಪ್ಪಾಳೆ ಹೊಡೆದರು. ಹೀರೋಗೆ ಬೀಳುವಂಥ ಚಪ್ಪಾಳೆ, ಒಬ್ಬ ಮೇಷ್ಟ್ರಿಗೆ!

ತ.ರಾ.ಸು. ಅವರಿಗೆ ಸಿನಿಮಾ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಬೇಸರ ಪಟ್ಟ ಮಾತು ಇವತ್ತಿಗೂ ಓಡಾಡುತ್ತದೆ. ಕಾದಂಬರಿ ಓದಿದವರಿಗೆ ಅವರ ನೋವು ಅರ್ಥವಾಗುತ್ತದೆ. ನಾನು ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದೇನೆ. ಕಥೆಯ ನಾಯಕ ರಾಮಾಚಾರಿ, ಪುಸ್ತಕದವನು ಪುಸ್ತಕದಲ್ಲಿದ್ದಾನೆ. ವಿಷ್ಣುವರ್ಧನ್ ಕಣ್ಣಿನ ಆ ಕೆಂಪು ಸಿನಿಮಾದಲ್ಲಿದೆ.

ಆದರೂ ಇದು ಪುಟ್ಟಣ್ಣನ ಉಳಿದ ಸಿನಿಮಾಗಳ ಹಾಗಿಲ್ಲ, ಮಧ್ಯದಲ್ಲಿರುವುದು ಹುಡುಗ. ಇದನ್ನೇ ಮೊದಲು ನೋಡಿದವರು ಮುಂದೆಯೂ ಇಂಥದ್ದೇ ಸಿಗುತ್ತದೆ ಎಂದು ಕಾಯುತ್ತಾರೆ. ನೋಡುವುದಾದರೆ ಒಂದು ಕಣ್ಣು ಅಲಮೇಲು ಮೇಲೆ ಇಡಿ. ಆರತಿ ಮಾಡಿದ ಪಾತ್ರ. ರಾಮಾಚಾರಿಯಿಂದ ಅವಳನ್ನು ಬಿಡಿಸುವುದು ಮೇಷ್ಟ್ರ ಮಾತು. ರಾಮಾಚಾರಿ ತ್ಯಾಗ ಮಾಡಿದ ಎಂದು ಎಲ್ಲರೂ ಕೊಂಡಾಡುತ್ತೇವೆ. ಅಲಮೇಲುವನ್ನು ಯಾರಾದರೂ ಕೇಳಿದರಾ? ಮುಂದೆ ಅವಳು ಯಾವ ಸ್ಥಿತಿಯಲ್ಲಿ ಅವನಿಗೆ ಸಿಗುತ್ತಾಳೆ ಎಂಬುದನ್ನು ನೋಡಿದ ಮೇಲೆ ಮೇಷ್ಟ್ರ ಮೇಲಿನ ಭಕ್ತಿ ಹಾಗೇ ಉಳಿಯುವುದು ಕಷ್ಟ.

ಇದರ ಮರುವರ್ಷ ಬಂದದ್ದು ಎಡಕಲ್ಲು ಗುಡ್ಡದ ಮೇಲೆ. ಭಾರತೀಸುತರ ಕಾದಂಬರಿ, ವಯನಾಡಿನ ಹಿನ್ನೆಲೆ. ಗಂಡನಿಂದ ಸಿಗದ ಸುಖಕ್ಕೆ ಹಂಬಲಿಸುವ ಮಾಧವಿಯಾಗಿ ಜಯಂತಿ. "ವಿರಹಾ ನೂರು ನೂರು ತರಹ" ಕೇಳಿದರೆ ಸಾಕು, ಆ ಹೆಣ್ಣಿನ ಒಳಗು ತಿಳಿದುಬಿಡುತ್ತದೆ. ಇದನ್ನು ಒಬ್ಬರೇ ಕೂತು ನೋಡಿ. ಅತ್ತೆ ಮಾವ ಪಕ್ಕದಲ್ಲಿದ್ದರೆ ನಿಮಗೂ ಮುಜುಗರ, ಅವರಿಗೂ ಮುಜುಗರ.

ರಂಗನಾಯಕಿ

ಅತ್ತಿಗೆಯ ಆಯ್ಕೆ. 1981. ಕಾದಂಬರಿಕಾರ ಅಶ್ವತ್ಥರ ಕೃತಿ (ಚಾಮಯ್ಯ ಮೇಷ್ಟ್ರಾದ ನಟ ಅಶ್ವತ್ಥ್ ಬೇರೆ). ಕಂಪನಿ ನಾಟಕದ ನಟಿಯೊಬ್ಬಳ ಬದುಕು. ಮದುವೆಯಾದ ಮೇಲೆ ಗಂಡನಿಗೆ ಹೆಂಡತಿ ಬಣ್ಣ ಹಚ್ಚುವುದು ಬೇಡ. ಅವಳಿಗೆ ರಂಗವಿಲ್ಲದೆ ಉಸಿರಿಲ್ಲ. ಸಂಸಾರ ಒಡೆಯುತ್ತದೆ, ಮಗುವೂ ಕೈತಪ್ಪುತ್ತದೆ. ವರ್ಷಗಳ ನಂತರ ಬೆಳೆದು ನಿಂತ ಮಗ, ತಾಯಿ ಎಂದು ತಿಳಿಯದೆ ಅವಳಿಗೇ ಮನಸೋಲುತ್ತಾನೆ.

ಹೀಗೆ ಬರೆದರೆ ಏನೋ ಅಸಹ್ಯ ಅನಿಸುತ್ತದೆ. ತೆರೆಯ ಮೇಲೆ ಹಾಗಿಲ್ಲ. ಅಂಥ ಕಥೆಯನ್ನು ಮರ್ಯಾದೆಯಿಂದ ನಿಭಾಯಿಸುವುದು ಎಷ್ಟು ಕಷ್ಟ ಅಲ್ವಾ? ಆರತಿ ಆ ಭಾರವನ್ನೆಲ್ಲ ಮುಖದ ಮೇಲೆ ಹೊತ್ತಿದ್ದಾರೆ. ಕಲ್ಪನಾ ಮತ್ತು ಆರತಿ ಇಬ್ಬರಲ್ಲಿ ಪುಟ್ಟಣ್ಣನ ನಿಜವಾದ ನಾಯಕಿ ಯಾರು ಎಂಬ ವಾದ ಅಭಿಮಾನಿಗಳಲ್ಲಿ ಮುಗಿಯುವುದೇ ಇಲ್ಲ. ಕಲ್ಪನಾ ನೋವನ್ನು ಹೊರಗೆ ಹಾಕುತ್ತಾರೆ, ಆರತಿ ನುಂಗುತ್ತಾರೆ. ನನ್ನ ಮನಸ್ಸು ಕಲ್ಪನಾ ಕಡೆಗೆ. ರಂಗನಾಯಕಿ ನೋಡಿದ ದಿನ ಮಾತ್ರ ಆರತಿ ಕಡೆಗೆ. ಅಂಬರೀಷ್ ಅವರನ್ನು ಬರೀ ಗಡಸು ಪಾತ್ರಗಳಲ್ಲಿ ನೋಡಿದವರು ಇಲ್ಲಿ ಅವರ ಮೃದು ಮುಖ ನೋಡಬೇಕು.

ಮೂರೋ ನಾಲ್ಕೋ ಸಿನಿಮಾ ನೋಡಿದ ಮೇಲೆ ಇದಕ್ಕೆ ಬನ್ನಿ. ಆಗ ಬೇಡ ಎಂದ ಇಂದಿರಾ, ಕೂಗಿದ ಕಾವೇರಿ ಇಬ್ಬರೂ ಈ ಹೆಣ್ಣಿನಲ್ಲಿ ಕಾಣುತ್ತಾರೆ. ನನ್ನ ಮಟ್ಟಿಗೆ ಇದು ಅವರ ಅತ್ಯುತ್ತಮ ಸಿನಿಮಾ.

ಇನ್ನು ಕೆಲವು

ಮೂರು ಗಂಟೆ ಒಂದೇ ಕಥೆಗೆ ಕೂರಲು ಆಗದವರಿಗೆ 1976ರ ಕಥಾ ಸಂಗಮ. ಮೂರು ಸಣ್ಣಕಥೆಗಳು, ಮೂರು ಬೇರೆ ಲೋಕ. ಗಿರಡ್ಡಿ ಗೋವಿಂದರಾಜರ "ಹಂಗು" ನನಗೆ ಇಷ್ಟ. "ಮುನಿತಾಯಿ"ಯಲ್ಲಿ ರಜನಿಕಾಂತ್ ಇದ್ದಾರೆ, ಆಗಿನ್ನೂ ಹೊಸಬರು. 2019ರಲ್ಲಿ ರಿಷಬ್ ಶೆಟ್ಟಿ ಇದೇ ಹೆಸರಿನಲ್ಲಿ ಏಳು ಕಥೆಗಳ ಸಿನಿಮಾ ತಂದದ್ದು ಪುಟ್ಟಣ್ಣನ ನೆನಪಿಗೇ. ಎರಡನ್ನೂ ಒಂದರ ಹಿಂದೆ ಒಂದು ನೋಡಬಹುದು.

ಅಣ್ಣಾವ್ರ ಅಭಿಮಾನಿಗಳಿಗೆ ಮೂರೇ ಇವೆ: ಮಲ್ಲಮ್ಮನ ಪವಾಡ, ಕರುಳಿನ ಕರೆ, ಸಾಕ್ಷಾತ್ಕಾರ. ಮೂರರಲ್ಲಿ ಸಾಕ್ಷಾತ್ಕಾರ ನೋಡಿ. ರಾಜ್‌ಕುಮಾರ್ ಜೊತೆ ಪೃಥ್ವಿರಾಜ್ ಕಪೂರ್ ಇದ್ದಾರೆ. "ಒಲವೇ ಜೀವನ ಸಾಕ್ಷಾತ್ಕಾರ" ಬರೆದವರು ಪುಟ್ಟಣ್ಣನ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ.

ಭಾನುವಾರ ಮಧ್ಯಾಹ್ನ, ಹೊರಗೆ ಮಳೆ, ಒಳ್ಳೆಯ ಹಾಡು ಬೇಕು ಎಂದರೆ ಶುಭಮಂಗಳ. ಜಾಸ್ತಿ ಯೋಚನೆ ಬೇಡ, ಹಾಕಿಕೊಳ್ಳಿ. 1985ರ ಮಸಣದ ಹೂವು ಮಾತ್ರ ಕಡೆಗೆ ಇರಲಿ. ಅದು ಮುಗಿಯುವ ಮೊದಲೇ ಪುಟ್ಟಣ್ಣ ಹೋದರು, ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು.

ಒಂದು ಎಚ್ಚರಿಕೆ. ಪುಕ್ಕಟೆ ಸಿಗುವ ಎಲ್ಲ ಪ್ರತಿಗಳೂ ಪೂರ್ತಿ ಇರುವುದಿಲ್ಲ. ನಾನು ಒಮ್ಮೆ ಗೆಜ್ಜೆ ಪೂಜೆ ಹಾಕಿದಾಗ ನಡುವೆ ಒಂದು ಹಾಡೇ ಮಾಯ, ಎರಡು ದೃಶ್ಯಗಳು ಹಿಂದುಮುಂದು. ಎರಡು ಗಂಟೆಗಿಂತ ಕಮ್ಮಿ ಇದ್ದರೆ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ. ಇನ್ನೊಂದು ಪ್ರತಿ ಹುಡುಕಿ. ಸಾಧ್ಯವಾದರೆ ಟಿವಿಯಲ್ಲಿ ಹಾಕಿ, ಮೊಬೈಲ್‌ನಲ್ಲಿ ಬೇಡ. ಪುಟ್ಟಣ್ಣ ಮಾತಿಗಿಂತ ಮುಖವನ್ನು ಹತ್ತಿರದಿಂದ ತೋರಿಸಿ ಕಥೆ ಹೇಳುವವರು. ಅಂಗೈಯಗಲದ ತೆರೆಯಲ್ಲಿ ಅರ್ಧ ಕಳೆದುಹೋಗುತ್ತದೆ.

ಅಕ್ಕನ ಮಗಳು ಕೊನೆಗೆ ನನ್ನ ಮಾತು ಕೇಳಲಿಲ್ಲ. ಮಾವ ಬಿಡಲಿಲ್ಲ, ಅವತ್ತು ರಾತ್ರಿಯೇ ಪಕ್ಕದಲ್ಲಿ ಕೂರಿಸಿಕೊಂಡು ನಾಗರಹಾವು ತೋರಿಸಿದರು. ಮೇಷ್ಟ್ರು ಬಂದಾಗಲೆಲ್ಲ ಮಾವ ತಲೆದೂಗುತ್ತಿದ್ದರು. ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ತಾತ, ಮೇಷ್ಟ್ರು ಅಲಮೇಲುನ ಒಂದು ಮಾತು ಕೇಳಬಹುದಿತ್ತಲ್ವಾ?" ಎಂದಳು. ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. ಐವತ್ತು ವರ್ಷದಿಂದ ಆ ಸಿನಿಮಾ ನೋಡುತ್ತಿದ್ದಾರೆ. "ಕೇಳಬಹುದಿತ್ತು ಮಗಳೇ" ಎಂದರು. ಈ ಶನಿವಾರ ಅವಳ ಹಾಸ್ಟೆಲಿನಲ್ಲಿ ಐದು ಜನ ಸೇರಿ ಬೆಳ್ಳಿ ಮೋಡ ಹಾಕುತ್ತಾರಂತೆ.